ಗಲ್ಫ್ ವಾಸನೆಯ ಹೆಲ್ಮೆಟ್

ಹೊಸಂಗಡಿಯ ನಮ್ಮ ಕೊರಿಯರ್ ಆಫೀಸಿನಲ್ಲಿ ನನಗೆ ಎದುರಿನಿಂದ ಮೇಡಂ ಎಂದೂ ಹಿಂದಿನಿಂದ ಸಿಐಡಿ ಎಂದೂ ಹೆಸರು. ಅದರಲ್ಲಿ ನನಗೆ ಬೇಸರವಿರಲಿಲ್ಲ. ಬಂದ ಪಾರ್ಸೆಲ್ಲಿನ ಟೇಪನ್ನು ಯಾರಾದರೂ ಒಮ್ಮೆ ಬಿಚ್ಚಿ ಮತ್ತೆ ಅಂಟಿಸಿದ್ದಾರೋ ಎಂದು ಉಗುರಿನಲ್ಲಿ ಕೆರೆದು ನೋಡುವುದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಮೂಲೆ ಒದ್ದೆಯಾಗಿದ್ದರೆ ಮೂಸುವುದು, ಮೇಲೆ ಬರೆದ ತೂಕವನ್ನು ನಂಬದೆ ನಮ್ಮದೇ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗುವುದು ನನ್ನ ಕೆಲಸವಾಗಿತ್ತು. ಉಪ್ಪಿನಕಾಯಿಯ ಭರಣಿಯನ್ನು ಬಟ್ಟೆ ಎಂದು ಬರೆಸಿ ಕಳಿಸುವ ಜನರ ನಡುವೆ ಕೂತವಳಿಗೆ ಬೇರೆ ಯಾವ ಬುದ್ಧಿ ಬಂದೀತು? ಈ ಗುಣ ಮನೆಗೂ ಬಂದಿತ್ತು. ಮೀನಿನವನು ತಾಜಾ ಎಂದರೆ ಕಿವಿರು ಎತ್ತಿ ನೋಡುವವಳು ನಾನು.

ಹೀಗಿರುವಾಗ ಒಂದು ಬೆಳಿಗ್ಗೆ ನಮ್ಮ ಹಿರಿಯ ರೈಡರಿನ ಹೆಂಡತಿ ಆಫೀಸಿಗೆ ಬಂದರು. ರೈಡರ್ ಎಂದರೆ ಬೈಕಿನಲ್ಲಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವವರು. ನಮ್ಮಲ್ಲಿ ಆ ಕೆಲಸ ಎಲ್ಲರಿಗಿಂತ ಮೊದಲು ಹಿಡಿದವರು ಅವರ ಗಂಡ. ಮಳೆ ಶುರುವಾಗುವ ಹೊತ್ತಿಗೆ ತಲಪಾಡಿಯ ಹತ್ತಿರ ಬೈಕು ಜಾರಿ ಬಿದ್ದಿದ್ದರು. ತಲೆಯಲ್ಲಿ ಹೆಲ್ಮೆಟ್ ಇತ್ತು, ರಸ್ತೆ ಬದಿಯಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುವಂಥದ್ದು. ಅದು ತೆಂಗಿನ ಗೆರಟೆಯ ಹಾಗೆ ಎರಡು ಹೋಳಾಗಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ತಲೆಯ ಹಿಂಭಾಗ, ಎಡಗಿವಿಯ ಮೇಲಿನಿಂದ ಹೊಲಿಗೆ ಹಾಕಿದ್ದರು. ಬದುಕಿದ್ದೇ ದೊಡ್ಡದು, ಅದೇ ಜಾಗಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಅಕ್ಕ, ಇವರು ಮತ್ತೆ ಬೈಕ್ ಹತ್ತುತ್ತೇನೆ ಅಂತ ಹಟ ಹಿಡಿದಿದ್ದಾರೆ. ಬೇಡ ಹೇಳಿದರೆ ಕೇಳುವ ಜನ ಅಲ್ಲ. ಹೆಲ್ಮೆಟ್ ಮಾತ್ರ ನೀವೇ ನೋಡಿ ಕೊಡಬೇಕು."

"ನಾನು ಎಂತ ನೋಡುವುದು? ಅಂಗಡಿಯವರ ಹತ್ತಿರ ಕೇಳಿ."

"ಅಂಗಡಿಯವರು ಎಲ್ಲವೂ ಒಳ್ಳೆಯದೇ ಹೇಳ್ತಾರೆ. ನೀವು ಯಾರನ್ನೂ ನಂಬುವುದಿಲ್ಲ ಅಲ್ವಾ, ಅದಕ್ಕೇ ನಿಮ್ಮ ಹತ್ತಿರ ಬಂದದ್ದು."

ಹೊಗಳಿದ್ದೋ ಬೈದದ್ದೋ ತಿಳಿಯಲಿಲ್ಲ. ಆಯಿತು ಎಂದೆ. ಬೇರೆ ಕೆಲಸ ಕೊಡಿಸೋಣವೆಂದರೆ ನಮ್ಮ ಆಫೀಸಿನಲ್ಲಿ ಕೂತು ಮಾಡುವ ಕುರ್ಚಿ ಒಂದೇ ಇತ್ತು, ಅದರಲ್ಲಿ ನಾನು ಕೂತಿದ್ದೆ. ಆ ಮಾತನ್ನು ಆಕೆ ಆಡಲಿಲ್ಲ. ಆದರೆ ಎದ್ದು ಹೋಗುವಾಗ ಕುರ್ಚಿಯ ಕಡೆಗೆ ಒಮ್ಮೆ ನೋಡಿದ ಹಾಗೆ ನನಗೆ ಅನ್ನಿಸಿತು.

ಮಾಲಕರಿಗೆ ಹೇಳಿದೆ. ಒಬ್ಬರಿಗೆ ಕೊಟ್ಟರೆ ಉಳಿದವರು ಸುಮ್ಮನಿರುತ್ತಾರೆಯೇ, ಎಲ್ಲ ರೈಡರುಗಳಿಗೂ ಒಂದೊಂದು ಕೊಂಡುಬಿಡುವ ಎಂದರು. ಆಯ್ಕೆ ನನ್ನ ತಲೆಗೆ ಬಂತು.

ನಮ್ಮ ಲೈನಿನ ತೊಂದರೆಯೆಂದರೆ ಅದು ರಾಜ್ಯದ ಗಡಿ ದಾಟುತ್ತದೆ. ಹೊಸಂಗಡಿಯಿಂದ ಹೊರಟವರು ಉದ್ಯಾವರ, ಕುಂಜತ್ತೂರು ಮುಗಿಸಿ, ತಲಪಾಡಿ ದಾಟಿ ಕರ್ನಾಟಕದ ಒಂದಷ್ಟು ಮನೆಗಳಿಗೂ ಕೊಟ್ಟು ಬರಬೇಕು. ಅತ್ತ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವಾಗಿ ಒಂದೆರಡು ವರ್ಷವಾಗಿತ್ತು, ಇತ್ತ ಅಷ್ಟು ಬಿಗಿಯಿರಲಿಲ್ಲ. ಹಾಗಾಗಿ ಅಷ್ಟು ದೂರ ಕೈಯಲ್ಲಿ ತೂಗುತ್ತಿದ್ದ ಹೆಲ್ಮೆಟ್ಟುಗಳು ತಲಪಾಡಿ ಬರುತ್ತಲೇ ತಲೆಗೆ ಏರುತ್ತಿದ್ದವು. ಗಡಿ ದಾಟಿದ ಮೇಲೆ ತಲೆ ಗಟ್ಟಿಯಾಗುತ್ತದೋ ಮೆತ್ತಗಾಗುತ್ತದೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೊದಲು ಹೆದ್ದಾರಿ ಬದಿಯ ಅಂಗಡಿಗೆ ಹೋದೆ. ಕೈಗೆ ಸಿಕ್ಕಿದ್ದರ ಹಿಂದೆ ಐಎಸ್ಐ ಎಂದು ಹೊಳೆಯುವ ಸ್ಟಿಕ್ಕರ್ ಇತ್ತು. ಉಗುರಿನಲ್ಲಿ ಕೆರೆದೆ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಎದ್ದು ಬಂತು. ಅಂಗಡಿಯವನಿಗೆ ನಾಚಿಕೆಯೇನೂ ಆಗಲಿಲ್ಲ.

"ಅದು ಹೋದರೆ ಬೇರೆ ಕೊಡ್ತೇನೆ ಅಕ್ಕ," ಎಂದು ಮೇಜಿನ ಕೆಳಗಿನಿಂದ ಸ್ಟಿಕ್ಕರಿನ ಹಾಳೆಯನ್ನೇ ತೆಗೆದ. "ದೊಡ್ಡದು ಬೇಕಾ, ಸಣ್ಣದು ಬೇಕಾ?"

ಎರಡನೆಯ ದಾರಿ ಮಂಗಳೂರಿನ ಒಬ್ಬ ಡೀಲರ್. ಆತ ತಾಳ್ಮೆಯ ಮನುಷ್ಯ. ನಿಜವಾದ ಗುರುತಿನಲ್ಲಿ ಮೇಲೆ ಮಾನಕದ ನಂಬರು, ಕೆಳಗೆ ಆ ಕಾರ್ಖಾನೆಗೆ ಕೊಟ್ಟ ಲೈಸೆನ್ಸಿನ ನಂಬರು ಇರಬೇಕೆಂದು ತೋರಿಸಿದ. ಗಿರಾಕಿಗಳಿಗೆ ತೋರಿಸಲೆಂದೇ ಅಡ್ಡಕ್ಕೆ ಕೊಯ್ದ ಒಂದು ಹೆಲ್ಮೆಟ್ ಅವನ ಹತ್ತಿರ ಇತ್ತು. ಹೊರಗೆ ತೆಳ್ಳಗಿನ ಚಿಪ್ಪು, ಒಳಗೆ ಬೆರಳು ದಪ್ಪದ ಥರ್ಮಾಕೋಲಿನಂಥದ್ದು, ಅದರ ಒಳಗೆ ಸ್ಪಂಜು ಮತ್ತು ಬಟ್ಟೆ.

"ಎಲ್ಲರೂ ಚಿಪ್ಪನ್ನು ಬಡಿದು ನೋಡ್ತಾರೆ ಮೇಡಂ. ಪೆಟ್ಟು ತಿನ್ನುವುದು ಚಿಪ್ಪಲ್ಲ, ಈ ಬಿಳಿಯದ್ದು. ಇದು ಒಳಗೆ ಜಜ್ಜಿ ಹೋಗ್ತದೆ, ತಲೆ ಉಳೀತದೆ."

"ನೀವು ಕೊಡುವುದರ ಒಳಗೂ ಇದೇ ಉಂಟು ಅಂತ ಹೇಗೆ ಗೊತ್ತಾಗುವುದು?"

"ಕೊಯ್ದು ನೋಡಬೇಕು. ಕೊಯ್ದ ಮೇಲೆ ಹಾಕಲಿಕ್ಕೆ ಆಗುವುದಿಲ್ಲ," ಎಂದು ನಕ್ಕ. ನನಗೆ ನಗು ಬರಲಿಲ್ಲ. ಇಷ್ಟು ವಿವರವಾಗಿ ಹೇಳುವವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡು ಹಿಂದೆ ಬಂದೆ.

ಮೂರನೆಯ ದಾರಿ ತೋರಿಸಿದ್ದು ನನ್ನ ತಮ್ಮ. ಅವನು ಗಲ್ಫಿನಲ್ಲಿ ಬೈಕಿನ ಸಾಮಾನು ಇಡುವ ಗೋದಾಮಿನಲ್ಲಿದ್ದ. ಫೋನಿನಲ್ಲಿ ವಿಷಯ ಹೇಳಿದ ಕೂಡಲೇ ಅವನಿಗೆ ಹುರುಪು ಬಂತು.

"ಅಕ್ಕ, ಊರಿನದ್ದೆಲ್ಲ ಡಬ್ಬ. ಇಲ್ಲಿ ಯುರೋಪಿನ ಸ್ಟ್ಯಾಂಡರ್ಡಿನದ್ದು ಸಿಗ್ತದೆ. ಹೊಸ ಮಾಡೆಲ್ ಬಂತು ಅಂತ ನಮ್ಮ ಗೋದಾಮಿನಲ್ಲಿ ಹಳೆಯದ್ದನ್ನು ಕಮ್ಮಿಗೆ ಬಿಡ್ತಿದ್ದಾರೆ."

ಕಮ್ಮಿಗೆ ಎಂದರೆ ನನ್ನ ಕಿವಿ ನೆಟ್ಟಗಾಯಿತು. ಹಳೆಯದು ಎಂದರೆ ಎಷ್ಟು ಹಳೆಯದು? ಕಪಾಟಿನಿಂದ ಬಿದ್ದದ್ದೋ? ಬಿಸಿಲಿಗೆ ಬೆಂದದ್ದೋ? ವಾಟ್ಸಾಪಿನಲ್ಲಿ ಫೋಟೋ ಕಳಿಸು ಎಂದೆ. ಯುರೋಪಿನ ಗುರುತು ಗಲ್ಲದ ಪಟ್ಟಿಗೆ ಹೊಲಿದ ಬಿಳಿ ಬಟ್ಟೆಯ ತುಂಡಿನಲ್ಲಿರುತ್ತದೆ. ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಜೊತೆಗೆ ಯಾವ ದೇಶ ಒಪ್ಪಿಗೆ ಕೊಟ್ಟಿತೆಂದು ಹೇಳುವ ಅಂಕೆ. ಅದು ಹೊಲಿದದ್ದೋ ಅಂಟಿಸಿದ್ದೋ, ದಾರದ ಬಣ್ಣ ಪಟ್ಟಿಯ ದಾರದ್ದೇ ಹೌದೋ, ತಯಾರಾದ ತಿಂಗಳು ಯಾವುದು ಎಂದು ಹಿಗ್ಗಿಸಿ ನೋಡಿದೆ. ಕೆಲವುಗಳಲ್ಲಿ ಡಾಟ್ ಎಂಬ ಅಮೆರಿಕದ ಗುರುತು ಮಾತ್ರ ಇತ್ತು. ಅದನ್ನು ತಯಾರಿಸಿದವರೇ ಹಾಕಿಕೊಳ್ಳುತ್ತಾರಂತೆ. ತಮ್ಮ ಬೆನ್ನು ತಾವೇ ತಟ್ಟಿಕೊಂಡ ಹಾಗಾಯಿತು, ಅಂಥದ್ದು ಬೇಡ ಎಂದೆ. ಮತ್ತೆ ಫೋಟೋ ಕೇಳಿದೆ. ಕೊನೆಗೆ ತಮ್ಮನಿಗೆ ಸಿಟ್ಟು ಬಂತು.

"ನಿನಗೆ ತಮ್ಮನ ಮೇಲೆಯೂ ನಂಬಿಕೆ ಇಲ್ಲವಾ?"

"ನಿನ್ನ ಮೇಲೆ ಉಂಟು. ನಿನಗೆ ಕೊಡುವವನ ಮೇಲೆ ಇಲ್ಲ."

ಮಾಲಕರಿಗೆ ಗಲ್ಫ್ ಎಂಬ ಮಾತು ಕಿವಿಗೆ ಬಿದ್ದದ್ದೇ ಸಾಕಾಯಿತು. ತರಿಸಿಬಿಡಿ ಎಂದರು. ನನ್ನ ತಮ್ಮ ಹಡಗಿನ ಕಾರ್ಗೋದಲ್ಲಿ ಪೆಟ್ಟಿಗೆ ಕಳಿಸಿದ. ಅದು ಬಂದಿಳಿದದ್ದು ಉಪ್ಪಳಕ್ಕೆ, ಅವನ ಹೆಂಡತಿ ಇದ್ದ ತವರುಮನೆಗೆ.

ಗಲ್ಫಿನ ಪೆಟ್ಟಿಗೆ ಕಟ್ಟುವುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಅದರಲ್ಲಿ ಗಾಳಿಗೂ ಜಾಗ ಬಿಡುವ ಪದ್ಧತಿಯಿಲ್ಲ. ಶೂವಿನೊಳಗೆ ಸಾಬೂನು, ಕುಕ್ಕರಿನೊಳಗೆ ಹಾಲಿನ ಪುಡಿ, ಹಾಲಿನ ಪುಡಿಯ ಡಬ್ಬ ಖಾಲಿಯಿದ್ದರೆ ಅದರೊಳಗೆ ಟಾರ್ಚು. ಕಳಿಸುವವನು ವರ್ಷಗಟ್ಟಲೆ ಮನೆಯಿಂದ ದೂರವಿದ್ದು ಕೂಡಿಟ್ಟ ಪ್ರೀತಿಯನ್ನೆಲ್ಲ ಅದರಲ್ಲಿ ತುರುಕುತ್ತಾನೆ. ಹೆಲ್ಮೆಟ್ಟುಗಳೂ ಖಾಲಿ ಬಂದಿರಲಿಲ್ಲ. ಒಂದರಲ್ಲಿ ಖರ್ಜೂರ, ಒಂದರಲ್ಲಿ ತಮ್ಮನ ಮಗಳ ಚಪ್ಪಲಿ, ಮತ್ತೊಂದರಲ್ಲಿ ಬಾದಾಮಿ ಹೀಗೆ ಎಲ್ಲವೂ ತುಂಬಿದ್ದವು. ತಮ್ಮನ ಹೆಂಡತಿ ಸಾಮಾನುಗಳನ್ನು ಬೇರೆ ಮಾಡಿ, ಹೆಲ್ಮೆಟ್ಟುಗಳನ್ನು ಆಟೋದಲ್ಲಿ ಆಫೀಸಿಗೆ ಕಳಿಸಿದಳು. ಅಮ್ಮನಿಗೆಂದು ಬಂದ ತಲೆನೋವಿನ ಎಣ್ಣೆಯ ಹಸಿರು ಬಾಟ್ಲಿಯನ್ನೂ ಅದರ ಜೊತೆಗೇ ಕಳಿಸಿದ್ದಳು.

ಹೆಲ್ಮೆಟ್ಟುಗಳನ್ನು ಮೇಜಿನ ಮೇಲಿಟ್ಟಾಗ ಎಲ್ಲರೂ ಮೊದಲು ಮಾಡಿದ ಕೆಲಸವೆಂದರೆ ಒಳಗೆ ಮೂಗು ಹಾಕಿದ್ದು. ಸಾಬೂನು, ಅತ್ತರು, ತಲೆನೋವಿನ ಎಣ್ಣೆ ಎಲ್ಲ ಸೇರಿದ ಒಂದು ವಾಸನೆ ಗಲ್ಫಿನ ಪೆಟ್ಟಿಗೆಗೆ ಇರುತ್ತದೆ. ನಮ್ಮ ಕಡೆಯವರಿಗೆ ಅದೇ ಸೀಲು, ಅದೇ ಮೊಹರು. ಮಾಲಕರು ಕಣ್ಣು ಮುಚ್ಚಿ ಒಂದು ಸಲ ಎಳೆದುಕೊಂಡು, "ಒರಿಜಿನಲ್ ಮಾರಾಯ್ರೆ, ಸಂಶಯವೇ ಬೇಡ," ಎಂದರು. ಒಂದು ಹೆಲ್ಮೆಟ್ಟಿನಲ್ಲಿ ಎಣ್ಣೆಯ ವಾಸನೆ ಮೂಗಿಗೆ ಹೊಡೆಯುವಷ್ಟು ಇತ್ತು. ಹಿರಿಯ ರೈಡರ್ ಅದನ್ನೇ ಎತ್ತಿಕೊಂಡರು. ಬಿದ್ದ ಮೇಲೆ ಅವರಿಗೆ ತಲೆನೋವು ಬಿಟ್ಟಿರಲಿಲ್ಲ.

"ಮೇಡಂ, ಇದು ನನಗಿರಲಿ. ಹಾಕಿದರೆ ತಲೆ ಹಗುರ ಆಗ್ತದೆ."

ಕೊಡುವ ಮೊದಲು ನನ್ನ ಪರೀಕ್ಷೆ ನಾನು ಮಾಡಿದೆ. ಗಲ್ಲದ ಪಟ್ಟಿಯ ತುಂಡನ್ನು ಫೋಟೋದ ಜೊತೆ ಹೋಲಿಸಿದೆ. ಪಾರ್ಸೆಲ್ ತಕ್ಕಡಿಯಲ್ಲಿ ತೂಗಿದೆ. ನಮ್ಮ ದೇಶದ ನಿಯಮದಲ್ಲಿ ತೂಕಕ್ಕೆ ಮಿತಿಯಿದೆ, ಅದನ್ನು ಇನ್ನೂ ಇಳಿಸುತ್ತಾರೆಂಬ ಸುದ್ದಿಯಿತ್ತು. ಇವು ಭಾರದವು, ಭಾರವಿದ್ದಷ್ಟು ಗಟ್ಟಿ ಎಂದು ಬಿಟ್ಟೆ. ಪಟ್ಟಿಯನ್ನು ಕೊಂಡಿಗೆ ಹಾಕಿ ತುಂಬಿದ ಪಾರ್ಸೆಲ್ ಚೀಲ ನೇತುಹಾಕಿದೆ, ಜಾರಲಿಲ್ಲ. ಮುಂದಿನ ಗಾಜನ್ನು ತೆರೆದು ಮುಚ್ಚಿ ನೋಡಿದೆ. ಒಳಗಿನ ಬಟ್ಟೆಯನ್ನು ಒತ್ತಿದೆ, ಮೆತ್ತಗಿತ್ತು. ಮೆತ್ತಗಿರುವುದು ಒಳ್ಳೆಯದೇ ಎಂದುಕೊಂಡೆ.

ಮೊದಲ ದಿನವೇ ತಲಪಾಡಿಯ ಆಚೆ ಬದಿ ಟ್ರಾಫಿಕ್ ಪೊಲೀಸರು ಹಿರಿಯ ರೈಡರನ್ನು ನಿಲ್ಲಿಸಿದರು. ಐಎಸ್ಐ ಗುರುತು ಎಲ್ಲಿ ಎಂದು ಕೇಳಿ, ಇನ್ನೊಮ್ಮೆ ಹೀಗೆ ಬರಬೇಡಿ ಎಂದು ಬಿಟ್ಟರು. ಕೈ ಬಿಸಿ ಮಾಡಲಿ ಎಂದಿರಬೇಕು ಎಂದು ನಾನು ಅವರನ್ನೂ ಅನುಮಾನಿಸಿದೆ. ಮಾಲಕರು ಹೆದ್ದಾರಿಯ ಅಂಗಡಿಯಿಂದ ಸ್ಟಿಕ್ಕರ್ ತಂದು ಅಂಟಿಸಿದರೆ ಕೆಲಸ ಮುಗಿಯಿತು ಎಂದರು.

"ಅದು ಬೇಡ," ಎಂದೆ. "ಸುಳ್ಳು ಸ್ಟಿಕ್ಕರ್ ಹಾಕಿದರೆ ಮತ್ತೆ ಹೊಲಿದ ಲೇಬಲನ್ನು ಯಾರು ನಂಬ್ತಾರೆ?"

ಬದಲಿಗೆ ಯುರೋಪಿನ ಗುರುತಿನ ವಿವರವನ್ನು ಇಂಟರ್‌ನೆಟ್ಟಿನಿಂದ ಪ್ರಿಂಟ್ ತೆಗೆದು ಪ್ರತಿಯೊಬ್ಬರ ಕಿಸೆಗೂ ಕೊಟ್ಟೆ. ಕೇಳಿದರೆ ತೋರಿಸಿ ಎಂದೆ. ಪ್ರಪಂಚವೇ ಒಪ್ಪಿದ್ದನ್ನು ತಲಪಾಡಿಯವರು ಒಪ್ಪದಿದ್ದರೆ ಹೇಗೆ ಎಂಬ ಠೇಂಕಾರ ನನ್ನದು.

ಮನೆಯಲ್ಲಿ ಬೇರೆಯೇ ರಗಳೆ. ಅಮ್ಮ ಹಸಿರು ಬಾಟ್ಲಿಯನ್ನು ಬೆಳಕಿಗೆ ಹಿಡಿದು, "ಇದು ಅರ್ಧವೇ ಉಂಟಲ್ಲ," ಎಂದರು. ಬೇರೆ ಏನು ಯೋಚಿಸಲಿ? ಪೆಟ್ಟಿಗೆ ಒಡೆದದ್ದು ತಮ್ಮನ ಹೆಂಡತಿ. ಬೇರೆ ಬಾಟ್ಲಿಗೆ ಬಗ್ಗಿಸಿಕೊಂಡು ಉಳಿದದ್ದನ್ನು ಕಳಿಸಿದ್ದಾಳೆ. ಫೋನ್ ಮಾಡಿ ಸುತ್ತಿ ಬಳಸಿ ಕೇಳಿದೆ.

"ಅಯ್ಯೋ ಅತ್ತಿಗೆ, ನಾನು ಮುಟ್ಟಲೂ ಇಲ್ಲ. ಮುಚ್ಚಳ ಅಂಟಂಟು ಇತ್ತು, ಒರೆಸಿ ಕಳಿಸಿದ್ದು," ಎಂದಳು.

ಒರೆಸಿದಳಂತೆ ಎಂದು ಫೋನ್ ಇಟ್ಟ ಮೇಲೆ ಅಮ್ಮನ ಹತ್ತಿರ ಹೇಳಿದೆ. ಅಮ್ಮ ನನ್ನನ್ನೇ ಗದರಿದರು. "ಸುಮ್ಮನಿರು. ದಾನ ಕೊಟ್ಟ ದನದ ಹಲ್ಲು ಎಣಿಸುವುದಾ? ಬಂದದ್ದು ಸಾಕು."

ಇದಾಗಿ ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಆಫೀಸಿನಲ್ಲಿ ಪಾರ್ಸೆಲ್ ಹಂಚಿ ರೈಡರುಗಳನ್ನು ಕಳಿಸಿದ ಮೇಲೆ, ಬಿಟ್ಟು ಬಂದ ಕನ್ನಡಕ ತರಲು ಮನೆಗೆ ಹೋದೆ. ಮನೆ ಆಫೀಸಿನ ಹಿಂದಿನ ಓಣಿಯಲ್ಲೇ ಇತ್ತು. ಅಮ್ಮ ಕಿಟಕಿಯ ಹತ್ತಿರ ಗೊಣಗುತ್ತಿದ್ದರು. ಮಿಕ್ಸಿಯ ಪೆಟ್ಟಿಗೆಯೊಳಗೆ ಬಂದ ಥರ್ಮಾಕೋಲಿನ ತುಂಡನ್ನು ಅವರು ಎಸೆದಿರಲಿಲ್ಲ, ಅದನ್ನು ಮಾತ್ರೆ, ಮುಲಾಮು ಇಡುವ ತಟ್ಟೆ ಮಾಡಿಕೊಂಡಿದ್ದರು.

"ನೋಡು ಮಗಾ, ಇಲಿ ಹೇಗೆ ಕೊರೆದಿದೆ ಅಂತ."

ನೋಡಿದೆ. ಇಲಿ ಕೊರೆದರೆ ಸುತ್ತ ಬಿಳಿ ಪುಡಿ ಬಿದ್ದಿರಬೇಕು, ಪುಡಿಯೇ ಇಲ್ಲ. ಗುಂಡಿಯ ಅಂಚು ನುಣುಪಾಗಿ ಹೊಳೆಯುತ್ತಿತ್ತು. ಹಸಿರು ಬಾಟ್ಲಿ ಆ ಗುಂಡಿಯಲ್ಲಿ ಅರ್ಧ ಹೂತು ಕೂತಿತ್ತು. ಎತ್ತಿದರೆ ಕೆಳಗೆ ಅಂಟು. ಮುಚ್ಚಳವನ್ನು ತಿರುಗಿಸಿ ನೋಡಿದೆ, ಒಂದು ಬದಿ ಸೀಳಿತ್ತು.

ಹಿಂದೊಮ್ಮೆ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನಿಂದ ಬಂದ ಪಾರ್ಸೆಲ್ಲಿನಲ್ಲಿ ಪೈಂಟಿನ ಥಿನ್ನರ್ ಸೋರಿ, ಒಳಗಿನ ಥರ್ಮಾಕೋಲೆಲ್ಲ ಕರಗಿ ಲೋಳೆಯಾಗಿದ್ದನ್ನು ನಾನು ಕಂಡಿದ್ದೆ. ಆದರೆ ತಲೆಗೆ ಹಚ್ಚುವ ಎಣ್ಣೆ? ಬಾಟ್ಲಿ ಬಗ್ಗಿಸಿ ಥರ್ಮಾಕೋಲಿನ ಇನ್ನೊಂದು ಮೂಲೆಗೆ ಕೆಲವು ಹನಿ ಬಿಟ್ಟೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಬಿಳಿ ಗುಳ್ಳೆಗಳು ಮೆಲ್ಲಗೆ ಕುಗ್ಗಿ, ಒಂದರೊಳಗೊಂದು ಇಳಿದು, ಹನಿ ಇದ್ದಲ್ಲಿ ಹಳ್ಳವಾಯಿತು.

ತಮ್ಮನ ಹೆಂಡತಿಗೆ ಫೋನ್ ಮಾಡಿದೆ. "ಎಣ್ಣೆಯ ಬಾಟ್ಲಿ ಪೆಟ್ಟಿಗೆಯಲ್ಲಿ ಎಲ್ಲಿತ್ತು?"

"ಒಂದು ಹೆಲ್ಮೆಟ್ಟಿನ ಒಳಗೆ ಅತ್ತಿಗೆ, ಚಿಂದಿಯಲ್ಲಿ ಸುತ್ತಿ. ಅದಕ್ಕೇ ಅಲ್ವಾ ಅದರಲ್ಲಿ ಅಷ್ಟು ವಾಸನೆ ಇದ್ದದ್ದು!"

ಹಿರಿಯ ರೈಡರಿಗೆ ಫೋನ್ ಹಚ್ಚಿದೆ. ಗಂಟೆ ಹೊಡೆದು ಹೊಡೆದು ನಿಂತಿತು. ಬೈಕ್ ಓಡಿಸುವಾಗ ಫೋನ್ ಎತ್ತಬಾರದು ಎಂದು ಆಫೀಸಿನ ಗೋಡೆಯಲ್ಲಿ ಬರೆದು ಅಂಟಿಸಿದವಳು ನಾನೇ. ಆ ಮನುಷ್ಯ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಕನ್ನಡಕವನ್ನೂ ಅಲ್ಲೇ ಬಿಟ್ಟು, ಆಫೀಸಿನ ಬಾಗಿಲು ಎಳೆದುಕೊಂಡು, ಮಂಗಳೂರಿನ ಬಸ್ಸು ಹತ್ತಿದೆ.

ಆ ಬಸ್ಸು ಅಷ್ಟು ನಿಧಾನವಾಗಿ ಯಾವತ್ತೂ ಹೋಗಿರಲಿಲ್ಲ ಎಂದು ಅನ್ನಿಸಿತು. ಪ್ರತಿ ಸ್ಟಾಪಿನಲ್ಲೂ ಯಾರೋ ಇಳಿಯಬೇಕು, ಯಾರೋ ಚಿಲ್ಲರೆ ಹುಡುಕಬೇಕು. ನಾನು ಕಿಟಕಿಯಿಂದ ಹೊರಗೆ ಬಾಗಿ ಎದುರಿನಿಂದ ಬರುವ ಬೈಕುಗಳನ್ನೆಲ್ಲ ನೋಡುತ್ತಿದ್ದೆ. ರಸ್ತೆಯಲ್ಲಿ ಜನ ಗುಂಪು ಕೂಡಿದ್ದು ಕಂಡರೆ ಸೀಟಿನಿಂದ ಎದ್ದು ನಿಲ್ಲುತ್ತಿದ್ದೆ. ಆ ಹೆಲ್ಮೆಟ್ಟನ್ನು ನಾನೇ ತೂಗಿ, ಎಳೆದು, ಒತ್ತಿ ನೋಡಿ ಕೊಟ್ಟಿದ್ದೆ. ಆಮೇಲೊಮ್ಮೆ ಅವರ ಹೆಂಡತಿ ಬಂದು ಕೇಳಿದಾಗ, ನಾನು ನೋಡಿಯೇ ಕೊಟ್ಟದ್ದು, ಹೆದರಬೇಡಿ ಎಂದೂ ಹೇಳಿದ್ದೆ.

ತಲಪಾಡಿಯಲ್ಲಿ ಇಳಿದು ಗಡಿ ದಾಟಿದರೆ, ಅವರು ಅಲ್ಲೇ ರಸ್ತೆಯ ಬದಿಯಲ್ಲಿ ನಿಂತಿದ್ದರು. ಪೊಲೀಸರು ತಡೆದು ನಿಲ್ಲಿಸಿದ್ದರು. ಪೊಲೀಸರ ಒಂದು ಕೈಯಲ್ಲಿ ನಾನು ಕೊಟ್ಟ ಪ್ರಿಂಟ್, ಇನ್ನೊಂದರಲ್ಲಿ ಹೆಲ್ಮೆಟ್.

"ಸರ್, 'ಗಲ್ಫ್ ಮಾಲು' ಇದು, ಯುರೋಪಿನವರು ಪಾಸು ಮಾಡಿದ್ದು. ಬೇಕಾದರೆ ಮೂಸಿ ನೋಡಿ."

"ಮೂಸಿ ನೋಡ್ಲಿಕ್ಕೆ ನಾನೆಂತ ನಾಯಿಯಾ? ಐಎಸ್ಐ ಎಲ್ಲಿ ಉಂಟು, ಅದನ್ನು ತೋರಿಸಿ."

ನಾನು ಓಡಿ ಹೋಗಿ ಏದುಸಿರಿನಲ್ಲೇ ಹೇಳಿದೆ. "ಸರ್, ಹೆಲ್ಮೆಟ್ ಅವರಿಗೆ ಕೊಡಬೇಡಿ. ನೀವೇ ಹಿಡ್ಕೊಳ್ಳಿ."

ಹಿರಿಯ ರೈಡರ್ ತಬ್ಬಿಬ್ಬಾದರು. "ಮೇಡಂ, ನೀವು ಯಾರ ಕಡೆ?"

ಪಾರ್ಸೆಲ್ಲಿನ ಟೇಪು ಕೊಯ್ಯುವ ಬ್ಲೇಡು ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ಮೇಲ್ಗಡೆಯ ಬಟ್ಟೆ ಗುಂಡಿ ಬಿಚ್ಚಿದರೆ ಬರುವಂಥದ್ದು, ಹಿಂಭಾಗದ್ದು ಮಾತ್ರ ಅಂಟಿಸಿದ್ದು. ಅದನ್ನು ಉದ್ದಕ್ಕೆ ಸೀಳಿ, ಸ್ಪಂಜನ್ನು ಎತ್ತಿದೆ. ಅದರ ಹಿಂದೆ ಬೆರಳು ದಪ್ಪದ ಬಿಳಿ ಪದರ ಇರಬೇಕಾದಲ್ಲಿ ಅಂಟಿನ ಹೊಳಪಿತ್ತು, ಆಮೇಲೆ ನೇರವಾಗಿ ಚಿಪ್ಪು. ನಿಂಬೆಹಣ್ಣು ಕೂರುವಷ್ಟು ಹಳ್ಳ. ಬಲಗಡೆ ಪದರ ಸರಿಯಾಗಿಯೇ ಇತ್ತು. ಹೋದದ್ದು ಎಡಗಡೆ, ಕಿವಿಯ ಮೇಲಿನಿಂದ ಹಿಂದಕ್ಕೆ.

ಪೊಲೀಸರು ಹೆಬ್ಬೆಟ್ಟು ಹಾಕಿ ನೋಡಿದರು. ಅದು ಚಿಪ್ಪಿಗೆ ತಾಗಿ ಟಕ್ಕೆಂದಿತು. ಹಿರಿಯ ರೈಡರಿನ ಕೈ ತಾನಾಗಿ ತಲೆಯ ಹಿಂದಕ್ಕೆ ಹೋಯಿತು. ಹೊಲಿಗೆಯ ಜಾಗವನ್ನು ಮುಟ್ಟಿಕೊಂಡು ಅವರು ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

"ಈ ವಾಸನೆಗೆ ಆಸೆಪಟ್ಟು ನಾನು ಇದನ್ನೇ ತೆಗೊಂಡದ್ದಲ್ವಾ ಮೇಡಂ," ಎಂದರು.

ನನಗೆ ಅಳು ಬಂತು. ರಸ್ತೆ ಬದಿಯಲ್ಲಿ, ಹೋಗುವ ಬರುವ ಜನರ ಎದುರು, ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಯಾರು ಮೋಸ ಮಾಡುತ್ತಾರೆ ಎಂದು ಅಷ್ಟು ದಿನದಿಂದ ಹುಡುಕಿದ್ದೆ. ಸ್ಟಿಕ್ಕರು, ದಾರ, ಡೀಲರು, ಪೊಲೀಸು, ಮನೆಯ ಸೊಸೆ, ಯಾರನ್ನೂ ಬಿಟ್ಟಿರಲಿಲ್ಲ. ಒದ್ದೆ ಮೂಲೆಯನ್ನು ಮೂಸಿ ಸೋರಿಕೆ ಹಿಡಿಯುವವಳು ನಾನು, ಆ ವಾಸನೆಯನ್ನು ಮಾತ್ರ ಎಲ್ಲರ ಹಾಗೆ ನಂಬಿದ್ದೆ.

ಪೊಲೀಸರು ನನ್ನ ಪ್ರಿಂಟನ್ನು ಮಡಚಿ ಕೈಗೆ ಕೊಟ್ಟರು. "ಆಯ್ತಮ್ಮ, ಹೋಗಿ. ಬೈಕ್ ಆ ಹೋಟೆಲಿನ ಹತ್ತಿರ ಇರಲಿ, ಇವರನ್ನು ಬಸ್ಸಿನಲ್ಲಿ ಕರ್ಕೊಂಡು ಹೋಗಿ," ಎಂದರು. ಕೈ ಬಿಸಿ ಮಾಡುವ ಮಾತೇ ಬರಲಿಲ್ಲ.

ಅದೇ ದಿನ ಫೋನ್ ಮಾಡಿ ಎಲ್ಲ ರೈಡರುಗಳನ್ನೂ ಹಿಂದೆ ಕರೆಸಿದೆ. ಮಾಲಕರು ಸೀತಾಂಗೋಳಿಯಲ್ಲಿದ್ದರು, ವಿಷಯ ಕೇಳಿ ಬಂದರು. ಹಳ್ಳಕ್ಕೆ ತಾವೂ ಬೆರಳು ಹಾಕಿ ನೋಡಿದರು. ಆಮೇಲೆ ವ್ಯಾಪಾರಿಯ ತಲೆ ಓಡಿತು.

"ಒಂದರಲ್ಲಿ ಎಣ್ಣೆ ಚೆಲ್ಲಿದೆ, ಸರಿ. ಬೇರೆಯದ್ದರಲ್ಲಿ ಎಂತ ಉಂಟು? ಖರ್ಜೂರ ಥರ್ಮಾಕೋಲು ತಿನ್ನುವುದಿಲ್ಲವಲ್ಲ."

"ತಿನ್ನುವುದಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಹೇರಿ ಹಡಗಿನಲ್ಲಿ ಬಂದದ್ದು. ಒಳಗೆ ತುರುಕಿದ್ದು ಎಷ್ಟು ಒತ್ತಿದೆಯೋ ಯಾರಿಗೆ ಗೊತ್ತು?"

"ಹಾಗಾದರೆ ಕೊಯ್ದು ನೋಡಿ."

ಖರ್ಜೂರ ಬಂದಿದ್ದ ಹೆಲ್ಮೆಟ್ಟನ್ನು ಎತ್ತಿಕೊಂಡು ಕೊಯ್ದೆ. ಒಳಗೆ ಬಿಳಿ ಪದರ ಅಚ್ಚುಕಟ್ಟಾಗಿ, ಒಂದು ಗೆರೆಯೂ ಇಲ್ಲದೆ ಕೂತಿತ್ತು. ಅಷ್ಟು ಚಂದದ ಹೆಲ್ಮೆಟ್ಟನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಈಗ ಅದು ಕೆಲಸಕ್ಕೆ ಬಾರದ್ದಾಗಿತ್ತು. ಮಾಲಕರು ಹಣೆ ಹಣೆ ಚಚ್ಚಿಕೊಂಡರು.

"ನೋಡಿದರೆ ಹಾಳು, ನೋಡದಿದ್ದರೆ ಸಂಶಯ. ಇನ್ನು ಎಂತ ಮಾಡುವುದು, ಹೇಳಿ!"

ನಾನು ಉಳಿದ ಹೆಲ್ಮೆಟ್ಟುಗಳ ಕಡೆ ನೋಡಿದೆ. ಅವುಗಳಲ್ಲಿ ಎಲ್ಲವೂ ಸರಿಯಿದ್ದಿರಬಹುದು. ಒಂದು ಸರಿಯಿಲ್ಲದೆಯೂ ಇರಬಹುದು. ಅದು ಯಾವುದೆಂದು ಬಿದ್ದ ಮೇಲೆ ಮಾತ್ರ ತಿಳಿಯುತ್ತದೆ. ಬ್ಲೇಡು ಇನ್ನೂ ಕೈಯಲ್ಲೇ ಇತ್ತು. ಒಂದೊಂದಾಗಿ ಎತ್ತಿ ಎಲ್ಲದರ ಗಲ್ಲದ ಪಟ್ಟಿಯನ್ನೂ ಕತ್ತರಿಸಿದೆ, ಯಾರೂ ಮನೆಗೆ ಒಯ್ದು ಹಾಕಿಕೊಳ್ಳಬಾರದು ಎಂದು. ಮಾಲಕರು ಅಯ್ಯಯ್ಯೋ ಎಂದರೇ ಹೊರತು ನನ್ನ ಕೈ ಹಿಡಿಯಲಿಲ್ಲ. ಹಿರಿಯ ರೈಡರ್ ಬೆಂಚಿನಲ್ಲಿ ಕೂತು ನೋಡುತ್ತಿದ್ದರು, ಅದಕ್ಕಿರಬೇಕು.

ಮಂಗಳೂರಿನ ಡೀಲರಿನ ಹತ್ತಿರ ಮತ್ತೆ ಹೋದೆ. ಕಾರ್ಖಾನೆಯಿಂದ ಬಂದ ಹಾಗೆಯೇ ಒಡೆಯದ ಪೆಟ್ಟಿಗೆಯಲ್ಲಿರುವುದು, ಗಡಿಯ ಎರಡೂ ಬದಿ ಕಾನೂನು ಒಪ್ಪುವ ಗುರುತು ಇರುವುದು ಬೇಕು ಎಂದೆ. "ಸಂಶಯ ಹೋಯ್ತಾ ಮೇಡಂ?" ಎಂದು ಕೇಳಿದ. ಇಲ್ಲ ಎಂದೆ. ಅವನು ಮೊದಲ ದಿನ ಹೇಳಿದ್ದು ಅಕ್ಷರ ಅಕ್ಷರ ಸರಿಯಾಗಿತ್ತು, ಅದನ್ನು ಮಾತ್ರ ಅವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ತಮ್ಮನಿಗೆ ಫೋನಿನಲ್ಲಿ ಚೆನ್ನಾಗಿ ಬೈಯಬೇಕೆಂದೇ ಕೂತಿದ್ದೆ. ಎಲ್ಲ ಕೇಳಿದ ಮೇಲೆ ಅವನು ಸಣ್ಣ ಸ್ವರದಲ್ಲಿ ಹೇಳಿದ.

"ಹೆಲ್ಮೆಟ್ಟಿನ ಒಳಗಿಟ್ಟರೆ ಬಾಟ್ಲಿ ಒಡೆಯಲಿಕ್ಕಿಲ್ಲ ಅಂತ ಇಟ್ಟದ್ದು ಅಕ್ಕ. ಅಮ್ಮನ ಬಾಟ್ಲಿ ಅಲ್ವಾ."

ನಿಜ, ಬಾಟ್ಲಿ ಒಡೆದಿರಲಿಲ್ಲ. ಬೈಯಲು ಹುಡುಕಿಟ್ಟ ಮಾತುಗಳನ್ನೆಲ್ಲ ನುಂಗಿಕೊಂಡು, ಊಟ ಆಯಿತಾ ಎಂದು ಕೇಳಿದೆ. ಮರುದಿನ ಉಪ್ಪಳಕ್ಕೆ ಹೋಗಿ ತಮ್ಮನ ಹೆಂಡತಿಯ ಹತ್ತಿರ, ಎಣ್ಣೆಯ ಲೆಕ್ಕ ಸಿಕ್ಕಿತು ಎಂದೆ. ಅವಳು ನಕ್ಕು ಚಹಾ ಕೊಟ್ಟಳು, ಸಕ್ಕರೆ ಹಾಕಲು ಮಾತ್ರ ಮರೆತಿದ್ದಳು. ಮರೆತದ್ದೋ ಹಾಕದೆ ಬಿಟ್ಟದ್ದೋ ಎಂದು ಬಸ್ಸಿನಲ್ಲಿ ಬರುವಾಗ ಯೋಚಿಸಿದೆ.

ಹೊಸ ಹೆಲ್ಮೆಟ್ ಕೊಡುವ ದಿನ ಹಿರಿಯ ರೈಡರಿನ ಜೊತೆ ಹೆಂಡತಿಯೂ ಬಂದರು. ಪೆಟ್ಟಿಗೆಯ ಸೀಲನ್ನು ಅವರ ಎದುರಿನಲ್ಲೇ ಒಡೆದೆ. ಗುರುತು, ಮೇಲಿನ ನಂಬರು, ಕೆಳಗಿನ ನಂಬರು ಎಲ್ಲ ತೋರಿಸಿದೆ. ಆಕೆ ಕೈಕಟ್ಟಿ ಕೇಳಿಸಿಕೊಂಡರು.

"ಒಳಗೆ ನೋಡಿದ್ದೀರಾ ಅಕ್ಕ?"

"ಒಳಗೆ ನೋಡಲಿಕ್ಕೆ ಆಗುವುದಿಲ್ಲ. ನೋಡಿದರೆ ಹಾಳಾಗ್ತದೆ."

"ಮತ್ತೆ?"

"ನಂಬಬೇಕು."

"ನೀವು ನಂಬ್ತೀರಾ?"

ಒಡೆದ ಸೀಲನ್ನು ಇನ್ನೊಮ್ಮೆ ಉಗುರಿನಲ್ಲಿ ಕೆರೆದೆ. "ನಂಬ್ತೇನೆ," ಎಂದೆ. ನಾನು ಟೇಪನ್ನು ನೋಡುವ ಹಾಗೆ ಆಕೆ ನನ್ನ ಮುಖವನ್ನು ನೋಡಿದರು. ಆಮೇಲೆ ಹೆಲ್ಮೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು, ಅದರೊಳಗೆ ಮುಖವನ್ನೇ ಹುದುಗಿಸಿ, ಉದ್ದಕ್ಕೆ ಉಸಿರೆಳೆದುಕೊಂಡರು.

"ಎಂತ ವಾಸನೆಯೂ ಇಲ್ಲ," ಎಂದು ಗಂಡನ ತಲೆಗೆ ಇಟ್ಟು, ಗಲ್ಲದ ಪಟ್ಟಿಯನ್ನು ತಾನೇ ಹಾಕಿ, ಬಿಗಿಯಾಗಿದೆಯೋ ಎಂದು ಎಳೆದು ನೋಡಿದರು.